ಹುಟ್ಟಿದ ಕೋಳಿಮರಿ ಸಪ್ಪಗಿದ್ದರೆ ಮೊದಲು ಏನು ಮಾಡಬೇಕು

21ನೇ ದಿನ ಮೊಟ್ಟೆಗಳು ಒಡೆದು ಮರಿಗಳು ಹೊರಗೆ ಬಂದಿವೆ. ಉಳಿದವೆಲ್ಲ ಚಿಲಿಪಿಲಿ ಅಂತ ಓಡಾಡುತ್ತಿವೆ. ಒಂದು ಮಾತ್ರ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿಕೊಂಡು ನಿಂತಿದೆ, ಇಲ್ಲವೇ ಕಾಲು ಎರಡೂ ಪಕ್ಕಕ್ಕೆ ಜಾರಿ ಹೊಟ್ಟೆ ಮೇಲೆ ಬಿದ್ದುಕೊಂಡಿದೆ. ನೋಡಿದ ಕೂಡಲೇ ಕರುಳು ಚುರಕ್ ಅನ್ನುತ್ತದೆ, ಏನಾದರೂ ಮಾಡಲೇಬೇಕು ಅನ್ನಿಸುತ್ತದೆ, ಅಲ್ವಾ? ಆ ಗಡಿಬಿಡಿಯಲ್ಲೇ ನಾನು ಒಂದು ಮರಿಯನ್ನು ಕಳೆದುಕೊಂಡಿದ್ದೇನೆ. ಅದರ ಕಥೆ ಮುಂದೆ ಹೇಳುತ್ತೇನೆ. ಈಗ ಒಂದು ಕ್ರಮ ನೆನಪಿಟ್ಟುಕೊಳ್ಳಿ: ಮೊದಲು ಬಿಸಿ, ಆಮೇಲೆ ನೀರು, ಆಮೇಲೆ ಆಹಾರ, ಅದಾದ ಮೇಲೆ ಚಿಕಿತ್ಸೆ. ಕಾಯಿಲೆ ಯಾವುದು ಅಂತ ಗೊತ್ತಿಲ್ಲದಿದ್ದರೂ ಈ ಕ್ರಮ ಹಿಡಿದರೆ ಸಾಕಷ್ಟು ಮರಿಗಳು ಅರ್ಧ ದಿನದಲ್ಲೇ ತಲೆ ಎತ್ತುತ್ತವೆ.

ನಿಜವಾಗಲೂ ಹುಷಾರಿಲ್ಲವಾ?

ಚಿಪ್ಪು ಒಡೆಯುವುದು ಮರಿಗೆ ದೊಡ್ಡ ಕೆಲಸ. ಚಿಪ್ಪಿನಲ್ಲಿ ಮೊದಲ ತೂತು ಕಂಡ ಮೇಲೆ ಪೂರ್ತಿ ಹೊರಬರಲು ಎಷ್ಟೋ ಸಲ 12ರಿಂದ 24 ಗಂಟೆ ಬೇಕಾಗುತ್ತದೆ. ಹೊರಬಂದ ಮರಿ ಒದ್ದೆಯಾಗಿ, ಸೊರಗಿದ ಹಾಗೆ ಕಾಣುತ್ತದೆ. ಎರಡು ಹೆಜ್ಜೆ ಇಟ್ಟು ಮುಗ್ಗರಿಸುತ್ತದೆ, ಕತ್ತು ನೆಲಕ್ಕೆ ಚಾಚಿ ಸತ್ತ ಹಾಗೆ ಮಲಗಿಬಿಡುತ್ತದೆ. ಮೊದಲ ಸಲ ನೋಡುವವರು ಹೆದರುವುದೇ ಇಲ್ಲಿ. ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಎದ್ದು ಒಂದು ಸಲ ಕೂಗಿ ಮತ್ತೆ ಮಲಗಿದರೆ ಅದು ಬರೀ ನಿದ್ದೆ.

ತಿನ್ನುತ್ತಿಲ್ಲ ಅನ್ನೋ ಚಿಂತೆಯೂ ಮೊದಲ ದಿನ ಬೇಡ. ಹುಟ್ಟುವ ಸ್ವಲ್ಪ ಮೊದಲು ಮೊಟ್ಟೆಯಲ್ಲಿ ಉಳಿದ ಹಳದಿಯನ್ನು ಮರಿ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿ ಎರಡು ದಿನಕ್ಕೆ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತಿಗೆ ಸಾಕಾಗುತ್ತದೆ. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ದೂರದೂರಕ್ಕೆ ಕಳಿಸಲು ಆಗುವುದು ಇದರಿಂದಲೇ. ಹಾಗಾಗಿ ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರಿನಲ್ಲಿ ಮೈ ಒಣಗಿ ತುಪ್ಪಳ ಉಬ್ಬುವವರೆಗೆ ಬಿಡಿ, 24 ಗಂಟೆಯಾದರೂ ತೊಂದರೆಯಿಲ್ಲ. ಮತ್ತೆ ಮತ್ತೆ ಮುಚ್ಚಳ ತೆಗೆದರೆ ತೇವ ಹೊರಟುಹೋಗಿ, ಇನ್ನೂ ಹೊರಬರದ ಮರಿಗಳ ಮೇಲೆ ಚಿಪ್ಪಿನ ಒಳಪೊರೆ ಒಣಗಿ ಅಂಟಿಕೊಳ್ಳುತ್ತದೆ. ಒಂದನ್ನು ನೋಡಲು ಹೋಗಿ ಮೂರನ್ನು ಕಷ್ಟಕ್ಕೆ ತಳ್ಳಿದ ಹಾಗಾಗುತ್ತದೆ.

ನಿಜವಾಗಲೂ ಯೋಚಿಸಬೇಕಾದ ಲಕ್ಷಣಗಳು ಬೇರೆ. ಮೈ ಒಣಗಿ ಅರ್ಧ ದಿನ ಕಳೆದರೂ ನಿಲ್ಲಲು ಆಗದಿರುವುದು, ಮುಟ್ಟಿದರೂ ಅಲುಗಾಡದಿರುವುದು, ಬಿಟ್ಟೂ ಬಿಡದೆ ಜೋರಾಗಿ ಚೀರುವುದು, ಕೊಕ್ಕು ತೆರೆದು ಏದುಸಿರು ಬಿಡುವುದು, ಹೊಟ್ಟೆ ಊದಿ ಕೆಟ್ಟ ವಾಸನೆ ಬರುವುದು, ಕಾಲಿನ ಚರ್ಮ ಸುಕ್ಕುಗಟ್ಟಿ ಒಣಗಿದ ಹಾಗೆ ಕಾಣುವುದು. ಇವುಗಳಲ್ಲಿ ಒಂದಿದ್ದರೂ ಮರಿಯನ್ನು ಬೇರೆ ಮಾಡಿ.

ಮೊದಲು ಬಿಸಿ

ಹೊಸ ಮರಿಗೆ ತನ್ನ ಮೈಯ ಕಾವನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ತಾಯಿ ಹೇಂಟೆಯ ರೆಕ್ಕೆಯಡಿಯ ಕಾವು ಸಿಗಬೇಕು, ಇಲ್ಲವೇ ನಾವು ಕೊಡಬೇಕು. ತಾಯಿಯೇ ಇದ್ದರೆ ಒಳ್ಳೆಯದು, ಆದರೆ ಹುಷಾರಿಲ್ಲದ ಮರಿಯನ್ನು ಕೆಲವು ಹೇಂಟೆಗಳು ಹತ್ತಿರ ಸೇರಿಸುವುದಿಲ್ಲ, ಕುಕ್ಕುವುದೂ ಉಂಟು, ಆದ್ದರಿಂದ ಸ್ವಲ್ಪ ಹೊತ್ತು ದೂರ ಕೂತು ಗಮನಿಸಿ ಆಮೇಲೆ ತೀರ್ಮಾನ ಮಾಡಿ.

ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಮರಿಗೆ ಚಳಿಯಾಗಿದೆ ಅಂತಲೇ ಅರ್ಥ. ಮರಿ ಮಾಡಿಸುವ ಕೆಲಸದಲ್ಲಿ ಪಳಗಿದವರೂ ಇದನ್ನೇ ಮಾಡುತ್ತಾರೆ, ಥರ್ಮಾಮೀಟರಿಗಿಂತ ಬೇಗ ತಿಳಿಯುತ್ತದೆ. ತೀರಾ ತಣ್ಣಗಾದ ಮರಿಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಳ್ಳಿ ಅಥವಾ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿ ಮಲಗಿಸಿ. ಕೂದಲು ಒಣಗಿಸುವ ಡ್ರೈಯರ್ ಹತ್ತಿರ ಹಿಡಿಯಬೇಡಿ. ತಣ್ಣಗಿರುವ ಮರಿಗೆ ಏನನ್ನೂ ತಿನ್ನಿಸಲೂ ಬೇಡಿ, ತಿಂದದ್ದು ಕರಗುವುದಿಲ್ಲ.

ಆಮೇಲೆ ಒಂದು ಚಿಕ್ಕ ಪೆಟ್ಟಿಗೆ ಸಿದ್ಧ ಮಾಡಿ. ಒಂದು ಕೊನೆಯಲ್ಲಿ ಬಲ್ಬ್ ಅಥವಾ ಬಿಸಿ ಪ್ಲೇಟ್ ಇರಲಿ, ಇನ್ನೊಂದು ಕೊನೆ ತಂಪಾಗಿರಲಿ. ಬಿಸಿ ಕಡೆಯಲ್ಲಿ ಮರಿಯ ಬೆನ್ನಿನ ಎತ್ತರಕ್ಕೆ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊದಲ ವಾರಕ್ಕೆ ಸರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. 250 ವಾಟಿನ ಬಲ್ಬು ಸಣ್ಣ ಪೆಟ್ಟಿಗೆಗೆ ವಿಪರೀತ. ಮರಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲದೆ ಒಣಗಿಹೋಗುತ್ತದೆ, ಜೊತೆಗೆ ಬೆಂಕಿಯ ಭಯ ಬೇರೆ. ಯಾವ ಬಲ್ಬೇ ಆಗಲಿ, ವೈರಿನಿಂದ ನೇತುಹಾಕದೆ ಸರಪಳಿ ಅಥವಾ ಗಟ್ಟಿ ತಂತಿ ಹಾಕಿ ಎರಡು ಕಡೆ ಕಟ್ಟಿ. ಬಿಸಿ ಹದವಾಗಿದೆಯಾ ಅಂತ ಮರಿಯೇ ಹೇಳುತ್ತದೆ: ಬಲ್ಬಿನ ಕೆಳಗೇ ಮುದುಡಿಕೊಂಡು ಕೂಗಿದರೆ ಚಳಿ, ದೂರ ಹೋಗಿ ರೆಕ್ಕೆ ಅಗಲಿಸಿ ಕೊಕ್ಕು ತೆರೆದರೆ ಸೆಕೆ, ಮೆಲ್ಲಗೆ ಗುಯ್‌ಗುಟ್ಟುತ್ತಾ ಕೈಕಾಲು ಬಿಟ್ಟು ಮಲಗಿದರೆ ಸರಿಯಾಗಿದೆ.

ಕೆಳಗೆ ಹಾಸಲು ನುಣುಪಾದ ನ್ಯೂಸ್‌ಪೇಪರ್ ಬೇಡವೇ ಬೇಡ. ಕಾಲು ಜಾರಿ ಜಾರಿ ಅಗಲವಾಗುವುದಕ್ಕೆ ಅದೇ ದೊಡ್ಡ ಕಾರಣ. ಒರಟು ಬಟ್ಟೆ, ಟಿಶ್ಯೂ ಪೇಪರಿನ ಹಾಸು, ರಬ್ಬರಿನ ಜಾಳಿಗೆ ಮ್ಯಾಟ್, ಯಾವುದಾದರೂ ಆಗುತ್ತದೆ, ಉಗುರಿಗೆ ಹಿಡಿತ ಸಿಗಬೇಕು ಅಷ್ಟೇ. ಬೇರೆ ಮಾಡಿದ ಮರಿಯನ್ನು ಪೂರ್ತಿ ಒಂಟಿಯಾಗಿಯೂ ಬಿಡಬೇಡಿ. ಜೊತೆಗಾರರ ದನಿ ಕೇಳದಿದ್ದರೆ ಅದು ಕೂಗಿ ಕೂಗಿಯೇ ಸುಸ್ತಾಗುತ್ತದೆ. ನಡುವೆ ಜಾಲರಿ ಇಟ್ಟರೆ ಕಾಣುತ್ತದೆ, ಕೇಳುತ್ತದೆ, ಕುಕ್ಕಿಸಿಕೊಳ್ಳುವುದೂ ಇಲ್ಲ. ಗುಣದಲ್ಲಿ ಸಾಧುವಾದ ಇನ್ನೊಂದು ಮರಿಯನ್ನು ಜೊತೆಗೆ ಬಿಟ್ಟರೆ ಇನ್ನೂ ಒಳ್ಳೆಯದು.

ನೀರು, ಆಮೇಲೆ ತಿಂಡಿ

ಮೈ ಬೆಚ್ಚಗಾದ ಮೇಲೆ ನೀರು. ಉಗುರುಬೆಚ್ಚಗಿನ ನೀರಿನಲ್ಲಿ ಕೊಕ್ಕಿನ ತುದಿಯನ್ನು ಮಾತ್ರ ಅದ್ದಿ ತೆಗೆಯಿರಿ, ಮೂಗಿನ ಹೊಳ್ಳೆ ಮುಳುಗಬಾರದು. ಬಹಳ ಮರಿಗಳು ಆಗಲೇ ತಲೆ ಎತ್ತಿ ಗುಟುಕು ನುಂಗುತ್ತವೆ. ತೀರಾ ನಿತ್ರಾಣವಾಗಿದ್ದರೆ ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಸಕ್ಕರೆ ಹಾಕಿ ಕೊಡಿ, ಮೊದಲ ದಿನ ಮಾತ್ರ. ಅದೇ ಮುಂದುವರಿದರೆ ಹಿಕ್ಕೆ ನೀರಾಗುತ್ತದೆ. ಕೋಳಿಗಳಿಗೆಂದೇ ಸಿಗುವ ಎಲೆಕ್ಟ್ರೋಲೈಟ್ (ಲವಣಗಳ) ಪುಡಿ ಇದ್ದರೆ ಪೊಟ್ಟಣದ ಮೇಲಿನ ಅಳತೆಯಂತೆ ಬೆರೆಸಿ.

ಕುಡಿಯದಿದ್ದರೆ ಡ್ರಾಪರಿನಿಂದ ಒಂದು ಹನಿಯನ್ನು ಕೊಕ್ಕಿನ ಪಕ್ಕಕ್ಕೆ ಮುಟ್ಟಿಸಿ. ಹನಿ ತಾನಾಗಿ ಒಳಗೆ ಇಳಿಯುತ್ತದೆ, ಮರಿ ನುಂಗುವವರೆಗೆ ಕಾಯಿರಿ, ಆಮೇಲೆ ಇನ್ನೊಂದು ಹನಿ. ಸಿರಿಂಜನ್ನು ಬಾಯೊಳಗೆ ಇಟ್ಟು ಒತ್ತಬೇಡಿ ದಯವಿಟ್ಟು. ಹಕ್ಕಿಗಳಲ್ಲಿ ಉಸಿರುನಾಳದ ಬಾಯಿ ನಾಲಿಗೆಯ ಹಿಂದೆಯೇ ತೆರೆದಿರುತ್ತದೆ, ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಹೀಗೆ ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ನಾಲ್ಕಾರು ಹನಿ. ನೀರಿನ ತಟ್ಟೆ ಆಳವಿರಬಾರದು, ಅದರಲ್ಲಿ ಸಣ್ಣ ಬೆಣಚುಕಲ್ಲುಗಳನ್ನು ಹಾಕಿಡಿ, ಬಲವಿಲ್ಲದ ಮರಿ ಬೆರಳುದ್ದದ ನೀರಿನಲ್ಲೂ ಮುಳುಗಿ ಸಾಯುತ್ತದೆ.

ಆಹಾರಕ್ಕೆ ಸ್ಟಾರ್ಟರ್ ಫೀಡನ್ನೇ (ಎಳೆ ಮರಿಗಳಿಗೆಂದು ಸಿಗುವ ಸಿದ್ಧ ಆಹಾರ) ಪುಡಿ ಮಾಡಿ ಬೆಚ್ಚಗಿನ ನೀರಿನಲ್ಲಿ ಕಲಸಿ ಇಡಿ. ಹೇಂಟೆ ನೆಲ ಕುಕ್ಕಿ ತೋರಿಸುವ ಹಾಗೆ ನೀವೂ ಬೆರಳಿನ ತುದಿಯಿಂದ ಫೀಡಿನ ಮೇಲೆ ಟಕ್ ಟಕ್ ಅಂತ ಬಡಿಯಿರಿ, ಮರಿ ಕುತೂಹಲದಿಂದ ಬಂದು ಕುಕ್ಕುತ್ತದೆ. ತೀರಾ ಬೇಡ ಅಂದರೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಸ್ವಲ್ಪವೇ ಸ್ವಲ್ಪ ಕಿವುಚಿ ಇಟ್ಟು ನೋಡಿ, ಬಣ್ಣಕ್ಕೆ ಸೋಲುತ್ತವೆ. ಉಳಿದದ್ದನ್ನು ಎರಡು ಗಂಟೆಯೊಳಗೆ ತೆಗೆದುಬಿಡಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೇಗ ಹಳಸುತ್ತದೆ. ತಿಂದಿದೆಯಾ ಅಂತ ತಿಳಿಯಲು ಸಂಜೆ ಎದೆಯ ಮೇಲ್ಭಾಗದಲ್ಲಿ, ಮರಿಯ ಬಲಗಡೆಗೆ ಮೆಲ್ಲಗೆ ಮುಟ್ಟಿ. ತಿಂದದ್ದು ಸೇರುವ ಚೀಲ ಅಲ್ಲಿದೆ, ಮೆತ್ತಗೆ ತುಂಬಿದ ಹಾಗೆ ಸಿಗಬೇಕು.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಒಂದು ದಿನದ ಮರಿ ಸಾಮಾನ್ಯವಾಗಿ 40 ಗ್ರಾಂ ಆಸುಪಾಸು ಇರುತ್ತದೆ, ಚಿಕ್ಕ ತಳಿಯಾದರೆ ಕಡಿಮೆ. ಒಳಗಿನ ಹಳದಿ ಕರಗುವಾಗ ಮೊದಲು ಸ್ವಲ್ಪ ಇಳಿಯಬಹುದು. ಮೂರನೇ ದಿನದಿಂದಲೂ ಇಳಿಯುತ್ತಲೇ ಹೋದರೆ ಕಣ್ಣಿಗೆ ಚುರುಕಾಗಿ ಕಂಡರೂ ಅದು ಸಾಕಷ್ಟು ತಿನ್ನುತ್ತಿಲ್ಲ.

ಈಗ ಮೈ ಪರೀಕ್ಷೆ: ಹೊಟ್ಟೆಯಿಂದ ಶುರುಮಾಡಿ

ಕೈ ತೊಳೆದುಕೊಂಡು, ಒಳ್ಳೆ ಬೆಳಕಿನಲ್ಲಿ ಕೂತು ಮರಿಯನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ. ಎರಡು ನಿಮಿಷಕ್ಕಿಂತ ಜಾಸ್ತಿ ಹೊತ್ತು ಬೇಡ, ಅಷ್ಟರಲ್ಲೇ ತಣ್ಣಗಾಗುತ್ತದೆ.

ಕಾಲುಗಳ ನಡುವೆ ಹೊಟ್ಟೆಯ ಮೇಲೆ ಇರುವುದು ಹೊಕ್ಕುಳು. ಬಾಲದ ಕೆಳಗಿರುವುದು ಹಿಕ್ಕೆ ಹಾಕುವ ಜಾಗ. ಈ ಎರಡನ್ನೂ ಒಂದಕ್ಕೊಂದು ಗೊಂದಲ ಮಾಡಿಕೊಳ್ಳಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ನಾನು ಮರಿ ಸಾಕಲು ಶುರುಮಾಡಿದ ಕಾಲದಲ್ಲಿ ಒಂದು ಮರಿಯ ಹೊಟ್ಟೆಗೆ ಕಪ್ಪು ಹುರುಕಿನ ಹಾಗೆ ಏನೋ ಅಂಟಿಕೊಂಡಿತ್ತು. ಹಿಕ್ಕೆ ಒಣಗಿದೆ ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಉಜ್ಜಿ ಕಿತ್ತೆ. ಅದು ಹೊಕ್ಕುಳಿನ ಒಣಗಿದ ಚೂರು. ಅಲ್ಲಿ ರಕ್ತ ಜಿನುಗಿತು, ಮಾರನೇ ದಿನಕ್ಕೆ ಹೊಟ್ಟೆ ಕೆಂಪಾಗಿ ಊದಿತು, ಅದರ ಮಾರನೇ ದಿನ ಮರಿ ಇರಲಿಲ್ಲ. ಹೊಕ್ಕುಳಿನಲ್ಲಿ ದಾರದ ಹಾಗೆ ನೇತಾಡುತ್ತಿದ್ದರೂ ಸರಿ, ಹುರುಕು ಕಟ್ಟಿದ್ದರೂ ಸರಿ, ಕೀಳಬೇಡಿ, ಕತ್ತರಿಸಬೇಡಿ. ತಾನಾಗಿ ಒಣಗಿ ಬೀಳುತ್ತದೆ.

ಹಳದಿ ಪೂರ್ತಿ ಒಳಗೆ ಹೋಗದೆ ಬಟಾಣಿಯಷ್ಟು ಹೊರಗೆ ಉಳಿದಿದ್ದರೆ ಅದನ್ನು ಒಳಗೆ ತಳ್ಳಲು ಹೋಗಬೇಡಿ. ಹತ್ತಿಯಿಂದ ತೆಳುವಾಗಿ ಪೊವಿಡೋನ್ ಅಯೋಡಿನ್ (ಗಾಯಕ್ಕೆ ಹಚ್ಚುವ ಸೋಂಕುನಾಶಕ) ಮುಟ್ಟಿಸಿ, ಒದ್ದೆ ಮಾಡಿ ಹಿಂಡಿದ ಶುಭ್ರ ಟಿಶ್ಯೂ ಹಾಸಿದ ಚಿಕ್ಕ ಬಟ್ಟಲಿನಲ್ಲಿ ಮರಿಯನ್ನು ಕೂರಿಸಿ, ಆ ಬಟ್ಟಲನ್ನು ಇನ್‌ಕ್ಯುಬೇಟರ್ ಒಳಗೆ ಇಡಿ. ಓಡಾಡಲು ಜಾಗ ಕಡಿಮೆಯಿದ್ದರೆ ಹಳದಿ ಚೀಲ ಹರಿಯುವುದಿಲ್ಲ. ಸಣ್ಣದಿದ್ದರೆ ಒಂದು ದಿನದಲ್ಲಿ ಒಳಗೆ ಸೇರುವ ಸಾಧ್ಯತೆ ಇದೆ. ಬೇರೆ ಮರಿಗಳ ಜೊತೆ ಮಾತ್ರ ಬಿಡಬೇಡಿ, ಕೆಂಪಗೆ ಹೊಳೆಯುವುದು ಏನೇ ಕಂಡರೂ ಅವು ಕುಕ್ಕುತ್ತವೆ.

ಹೊಟ್ಟೆ ಉಬ್ಬಿ, ಹೊಕ್ಕುಳು ಒದ್ದೆಯಾಗಿ, ಸುತ್ತ ಕೆಂಪು ನೀಲಿ ಬಣ್ಣ ಬಂದು, ಕೊಳೆತ ವಾಸನೆ ಹೊಡೆದರೆ ಹೊಕ್ಕುಳಿನ ಸೋಂಕು. ಕೊಳಕು ಮೊಟ್ಟೆ, ತೊಳೆಯದ ಇನ್‌ಕ್ಯುಬೇಟರ್, ಇವುಗಳಿಂದ ಬ್ಯಾಕ್ಟೀರಿಯಾ ತೆರೆದ ಹೊಕ್ಕುಳಿನ ಮೂಲಕ ಒಳಗೆ ಹೋಗಿರುತ್ತದೆ. ಇದಕ್ಕೆ ಮನೆಮದ್ದಿಲ್ಲ, ಕೂಡಲೇ ಪಶುವೈದ್ಯರಿಗೆ ತೋರಿಸಿ. ಆದರೂ ಬಹಳ ಮರಿಗಳು ಉಳಿಯುವುದಿಲ್ಲ ಅನ್ನುವ ಸತ್ಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಆ ಮರಿ ಮುಟ್ಟಿದ ಬಟ್ಟೆ, ತಟ್ಟೆಗಳನ್ನು ಉಳಿದವುಗಳಿಗೆ ಬಳಸಬೇಡಿ.

ಇನ್ನು ಬಾಲದ ಕೆಳಗೆ ನೋಡಿ. ಹಿಕ್ಕೆ ಅಂಟಂಟಾಗಿ ಒಣಗಿ ದಾರಿಯನ್ನೇ ಮುಚ್ಚಿಬಿಟ್ಟಿದ್ದರೆ ಮರಿ ಒಂದೆರಡು ದಿನದಲ್ಲಿ ಸಾಯುತ್ತದೆ, ಆದರೆ ಇದರಷ್ಟು ಸುಲಭವಾಗಿ ಸರಿಯಾಗುವ ತೊಂದರೆಯೂ ಇನ್ನೊಂದಿಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಅಲ್ಲಿ ಒತ್ತಿ ಹಿಡಿದು ಪೂರ್ತಿ ಮೆತ್ತಗಾಗುವವರೆಗೆ ನೆನೆಸಿ, ಆಮೇಲೆ ಒರೆಸಿ. ಒಣಗಿದ್ದನ್ನು ಎಳೆದರೆ ತುಪ್ಪಳದ ಜೊತೆ ಚರ್ಮವೂ ಬರುತ್ತದೆ. ಚೆನ್ನಾಗಿ ಒಣಗಿಸಿ, ಚೂರು ವ್ಯಾಸಲೀನ್ ಸವರಿ, ಬಿಸಿ ಕಡೆಗೆ ಬಿಡಿ. ಎರಡು ಮೂರು ದಿನ ದಿನಕ್ಕೆರಡು ಸಲ ನೋಡುತ್ತಿರಿ. ಪದೇ ಪದೇ ಆಗುತ್ತಿದ್ದರೆ ಪೆಟ್ಟಿಗೆಯ ಬಿಸಿ ಜಾಸ್ತಿಯೋ ಕಡಿಮೆಯೋ ಇದೆ, ಇಲ್ಲವೇ ನೀರು ಸಾಲುತ್ತಿಲ್ಲ.

ಕಾಲು

ಕಾಲಿನ ತೊಂದರೆಗೆ ಮೊದಲ ಎರಡು ದಿನ ಬಂಗಾರದ ಸಮಯ. ಮೂಳೆ, ಗಂಟು ಎಲ್ಲ ಇನ್ನೂ ಮೆತ್ತಗಿರುತ್ತದೆ, ತಿದ್ದಿದ ಹಾಗೆ ಕೇಳುತ್ತದೆ. ಒಂದು ವಾರ ಬಿಟ್ಟು ನೋಡೋಣ ಅಂದರೆ ಕಷ್ಟ.

ಎರಡೂ ಕಾಲು ಪಕ್ಕಕ್ಕೆ ಜಾರುತ್ತಿದ್ದರೆ ಒಂದು ಬ್ಯಾಂಡ್‌ಏಡ್ ಪಟ್ಟಿಯನ್ನು ಉದ್ದಕ್ಕೆ ಅರ್ಧ ಸೀಳಿಕೊಳ್ಳಿ. ಅದರ ಮಧ್ಯದ ಮೆತ್ತೆ ಎರಡು ಕಾಲಿನ ನಡುವೆ ಬರಬೇಕು. ಒಂದೊಂದು ತುದಿಯನ್ನು ಒಂದೊಂದು ಕಾಲಿಗೆ, ಹಿಂದಕ್ಕೆ ಮಡಚುವ ಗಂಟಿಗೂ ಪಾದಕ್ಕೂ ನಡುವೆ ಸುತ್ತಿ, ಆ ಪಟ್ಟಿಗೇ ಅಂಟಿಸಿ. ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಅಂಟಿಸಿದರೆ ಸಲೀಸು. ನಡುವಿನ ಅಂತರ ಮರಿ ಸಹಜವಾಗಿ ನಿಲ್ಲುವಷ್ಟಿರಲಿ, ಸುಮಾರು 2ರಿಂದ 2.5 ಸೆಂಟಿಮೀಟರ್. ಬಿಗಿಯಾಗಿ ಸುತ್ತಬೇಡಿ. ಮೊದಲ ಗಂಟೆ ಮರಿ ಮುಗ್ಗರಿಸಿ ಬೀಳುತ್ತದೆ, ಹಿಂದಕ್ಕೆ ಉರುಳಿ ಏಳಲಾಗದೆ ಒದ್ದಾಡುತ್ತದೆ, ನೋಡಲು ಹಿಂಸೆಯಾಗುತ್ತದೆ. ಪಕ್ಕದಲ್ಲಿದ್ದು ಎತ್ತಿ ನಿಲ್ಲಿಸಿ, ನೀರಿನ ಹತ್ತಿರ ಒಯ್ದು ಕುಡಿಸಿ. ದಿನಕ್ಕೆರಡು ಸಲ ಪಾದ ಊದಿದೆಯಾ, ಬಣ್ಣ ತಿರುಗಿದೆಯಾ ನೋಡಿ, ಯಾಕೆಂದರೆ ಈ ವಯಸ್ಸಿನಲ್ಲಿ ಕಾಲು ಎಷ್ಟು ಬೇಗ ದಪ್ಪವಾಗುತ್ತದೆ ಅಂದರೆ ಬೆಳಿಗ್ಗೆ ಸಡಿಲವಿದ್ದ ಪಟ್ಟಿ ಮಾರನೇ ದಿನಕ್ಕೆ ಬಿಗಿಯಾಗಿರುತ್ತದೆ. ಎರಡು ದಿನಕ್ಕೆ ಬಿಚ್ಚಿ ನೋಡಿ, ಬೇಕಾದರೆ ಹೊಸದು ಹಾಕಿ. ಸಾಮಾನ್ಯವಾಗಿ ನಾಲ್ಕು ದಿನದೊಳಗೆ ನಿಲ್ಲುತ್ತದೆ. ಬಿಚ್ಚುವಾಗ ಅಂಟಿಗೆ ಅಡುಗೆ ಎಣ್ಣೆ ಸವರಿದರೆ ಚರ್ಮ ಕೀಳುವುದಿಲ್ಲ.

ಬೆರಳುಗಳು ಮುಷ್ಟಿ ಹಿಡಿದ ಹಾಗೆ ಮಡಚಿದ್ದರೆ ರಟ್ಟಿನಿಂದ ಪಾದಕ್ಕಿಂತ ಸ್ವಲ್ಪ ದೊಡ್ಡ ಚೂರು ಕತ್ತರಿಸಿ, ಅದರ ಮೇಲೆ ಒಂದೊಂದೇ ಬೆರಳನ್ನು ನೇರ ಮಾಡಿ ಟೇಪಿನಿಂದ ಕೂರಿಸಿ, ಚಪ್ಪಲಿ ತೊಡಿಸಿದ ಹಾಗೆ. ಎರಡು ಮೂರು ದಿನ ಸಾಕು. ಇದು ಬಿ2 ವಿಟಮಿನ್ ಕೊರತೆಯಿಂದಲೂ ಬರುವುದರಿಂದ ಕೋಳಿಗಳಿಗಾಗಿ ಇರುವ ಬಿ ಕಾಂಪ್ಲೆಕ್ಸ್ ದ್ರವವನ್ನು ನೀರಿಗೆ ಸೇರಿಸಿ. ಒಂದೇ ಸಲದ ಮರಿಗಳಲ್ಲಿ ಮೂರು ನಾಲ್ಕಕ್ಕೆ ಹೀಗಾಗಿದ್ದರೆ ಮೊಟ್ಟೆ ಇಟ್ಟ ಹೇಂಟೆಗಳ ಆಹಾರ ನೋಡಿ. ತಾಯಿಗೆ ಸಿಗದ ವಿಟಮಿನ್ ಮೊಟ್ಟೆಗೂ ಸೇರುವುದಿಲ್ಲ.

ಒಂದೇ ಕಾಲು ಗಂಟಿನಿಂದ ಕೆಳಗೆ ಹೊರಕ್ಕೆ ತಿರುಗಿ, ಗಂಟು ಚಪ್ಪಟೆಯಾಗಿ ಊದಿ, ಮುಟ್ಟಿದರೆ ಚೀರಿದರೆ ವಿಷಯ ಬೇರೆ. ಗಂಟಿನ ಹಿಂದಿನ ಸ್ನಾಯುರಜ್ಜು ತನ್ನ ಜಾಗದಿಂದ ಜಾರಿರಬಹುದು. ಅದನ್ನು ಬೇಗ ವಾಪಸ್ ಕೂರಿಸಬೇಕು, ಅಭ್ಯಾಸವಿಲ್ಲದವರು ಎಳೆದಾಡಬಾರದು. ಅವತ್ತೇ ವೈದ್ಯರ ಹತ್ತಿರ ಒಯ್ಯಿರಿ.

ಕತ್ತು, ಉಸಿರು, ಕಣ್ಣು

ಕತ್ತು ಹಿಂದಕ್ಕೆ ತಿರುಚಿಕೊಂಡು ಆಕಾಶ ನೋಡುವ ಮರಿಗೆ ತಲೆಗೆ ಪೆಟ್ಟು ಬಿದ್ದಿರಬಹುದು, ಬಿ1 ಅಥವಾ ಇ ವಿಟಮಿನ್ ಕೊರತೆಯೂ ಇರಬಹುದು. ವಿಟಮಿನ್ ಎಷ್ಟು ಅನ್ನುವುದನ್ನು ವೈದ್ಯರನ್ನು ಕೇಳಿಯೇ ಕೊಡಿ. ಇದು ವಾಸಿಯಾಗಲು ವಾರಗಟ್ಟಲೆ ಹಿಡಿಯಬಹುದು, ಅಲ್ಲಿಯವರೆಗೆ ಕೈಯಾರೆ ತಲೆ ಹಿಡಿದು ಕುಡಿಸಿ ತಿನ್ನಿಸಬೇಕು. ಇಂಥ ಮರಿಯನ್ನು ಬೇರೆಯವು ತುಳಿಯುತ್ತವೆ, ಸುತ್ತ ಬಟ್ಟೆ ಉಂಡೆ ಮಾಡಿ ಒತ್ತು ಕೊಟ್ಟು ಪ್ರತ್ಯೇಕ ಇಡಿ.

ಕೊಕ್ಕು ತೆರೆದು ಉಸಿರಾಡುತ್ತಿದ್ದರೆ ಮೊದಲು ತಂಪು ಕಡೆಗೆ ಸರಿಸಿ, ಬರೀ ಸೆಕೆಯಾಗಿದ್ದರೆ ಬೇಗ ಸರಿಯಾಗುತ್ತದೆ. ಆಗದಿದ್ದರೆ ಹಾಸಿನಲ್ಲಿ ಬೂಷ್ಟು ಹಿಡಿದಿದೆಯಾ ಮೂಸಿ ನೋಡಿ. ಬೂಷ್ಟಿನ ಕಣಗಳು ಮರಿಯ ಶ್ವಾಸಕೋಶದಲ್ಲಿ ಬೆಳೆದರೆ ಔಷಧಿಗೆ ಜಗ್ಗುವುದು ಕಷ್ಟ, ಕಡೇಪಕ್ಷ ಉಳಿದವನ್ನಾದರೂ ಉಳಿಸಿಕೊಳ್ಳಲು ಹಾಸನ್ನು ಅವತ್ತೇ ಪೂರ್ತಿ ಬದಲಿಸಿ. ಕಣ್ಣು ಅಂಟಿಕೊಂಡಿದ್ದರೆ ಸಲೈನ್ ನೀರಿನಲ್ಲಿ ನೆನೆಸಿದ ಹತ್ತಿಯಿಂದ ಒರೆಸಿ. ಪೆಟ್ಟಿಗೆಯಲ್ಲಿ ಹಿಕ್ಕೆಯ ಘಾಟು ಮೂಗಿಗೆ ಹೊಡೆಯುತ್ತಿದ್ದರೆ ಕಣ್ಣಿನ ತೊಂದರೆಗೆ ಕಾರಣ ಅದೇ ಇರಬಹುದು.

ವೈದ್ಯರು, ಔಷಧಿ, ಮತ್ತು ಬಿಟ್ಟುಕೊಡುವ ಹೊತ್ತು

ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕನ್ನು ಸುಮ್ನೆ ಊಹೆ ಮೇಲೆ ನೀರಿಗೆ ಬೆರೆಸಬೇಡಿ. 40 ಗ್ರಾಂ ಜೀವಕ್ಕೆ ಮನುಷ್ಯರ ಮಾತ್ರೆಯ ಚೂರು ಅಂದರೂ ಬಹಳ ಜಾಸ್ತಿ. ವೈದ್ಯರ ಹತ್ತಿರ ಹೋಗುವಾಗ ಹುಟ್ಟಿದ ಹೊತ್ತು, ಬರೆದಿಟ್ಟ ತೂಕ, ಹಿಕ್ಕೆಯ ಒಂದು ಫೋಟೋ, ಮರಿ ನಡೆಯುವ ಒಂದು ವಿಡಿಯೋ ಇದ್ದರೆ ಅವರಿಗೆ ಬಹಳ ಸಹಾಯವಾಗುತ್ತದೆ. ಒಂದೇ ದಿನ ಹಲವು ಮರಿಗಳು ಅಥವಾ ದೊಡ್ಡ ಕೋಳಿಗಳು ಸಾಯಲು ಶುರುವಾದರೆ ಕಾಯಬೇಡಿ. ಯಾವ ಹಕ್ಕಿಯನ್ನೂ ಹೊರಗೆ ಕೊಡದೆ ಕೂಡಲೇ ಪಶುವೈದ್ಯ ಇಲಾಖೆಗೆ ತಿಳಿಸಿ, ಹಕ್ಕಿಜ್ವರದಂಥ ರೋಗವೂ ಇರಬಹುದು.

ಮರಿ ಮುಟ್ಟಿದ ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ. ನೋಡಲು ಆರೋಗ್ಯವಾಗಿರುವ ಮರಿಯ ಹಿಕ್ಕೆಯಲ್ಲೂ ನಮಗೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ, ಮುದ್ದು ಬಂತು ಅಂತ ಮುತ್ತು ಕೊಡಬೇಡಿ.

ಎಲ್ಲ ಮಾಡಿದರೂ ಕೆಲವು ಉಳಿಯುವುದಿಲ್ಲ. ಬೆಚ್ಚಗಿಟ್ಟು, ನೀರು ಕುಡಿಸಿ, ಎರಡು ದಿನ ಕಳೆದರೂ ತಲೆ ಎತ್ತದೆ, ನೋವಿನಲ್ಲಿ ನರಳುತ್ತಿರುವ ಮರಿಯನ್ನು ಹಾಗೇ ಎಳೆದಾಡಿಸುವುದು ಅದಕ್ಕೆ ಮಾಡುವ ಉಪಕಾರವಲ್ಲ ಅಂತ ನನಗನ್ನಿಸುತ್ತದೆ. ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ವೈದ್ಯರನ್ನು ಕೇಳಿ. ಹಾಗೆ ಕೇಳುವುದಕ್ಕೆ ಸಂಕೋಚ ಬೇಡ.

ಚೇತರಿಸಿಕೊಂಡ ಮೇಲೆ

ತಾನಾಗಿ ತಿಂದು ಕುಡಿದು, ಬಿದ್ದರೂ ತಾನೇ ಏಳುವ ಹಾಗಾದ ಮೇಲೆ ವಾಪಸ್ ಸೇರಿಸಿ. ಮೊದಲು ಬೇರೆ ಮರಿಗಳೆಲ್ಲ ಹೊಟ್ಟೆ ತುಂಬಾ ತಿಂದು ನಿದ್ದೆಗೆ ಜಾರುವ ಹೊತ್ತಿಗೆ ಬಿಟ್ಟು ನೋಡಿ, ಜಗಳ ಕಡಿಮೆ. ಕಾಲಿಗೆ ಗುರುತು ಕಟ್ಟುವುದಾದರೆ ಕೆಂಪು ಬಣ್ಣ ಬೇಡ, ಅಲ್ಲಿಗೇ ಕುಕ್ಕುತ್ತವೆ. ನೀರು, ಫೀಡು ಎರಡು ಕಡೆ ಇಡಿ, ಒಂದು ಕಡೆ ತಳ್ಳಿಸಿಕೊಂಡರೂ ಇನ್ನೊಂದು ಕಡೆ ಸಿಗುತ್ತದೆ. ಮೊದಲ ಒಂದು ಗಂಟೆ ಅಲ್ಲೇ ಕೂತು ನೋಡಿ. ಒಂದೆರಡು ಸಲ ಕುಕ್ಕಿ ಬಿಟ್ಟರೆ ಪರವಾಗಿಲ್ಲ, ಅಟ್ಟಿಸಿಕೊಂಡು ಹೋಗಿ ಕುಕ್ಕಿದರೆ ಇನ್ನೊಂದು ದಿನ ಜಾಲರಿಯ ಈಚೆಗೇ ಇರಲಿ. ಅವತ್ತು ರಾತ್ರಿ ಒಮ್ಮೆ ಎದ್ದು ನೋಡಿದಾಗ ಅದು ಗುಂಪಿನ ಮಧ್ಯದಲ್ಲಿ ಮಲಗಿದ್ದರೆ ಸೇರಿಸಿಕೊಂಡಿವೆ ಅಂತ ಅರ್ಥ. ಮೂಲೆಯಲ್ಲಿ ಒಂಟಿಯಾಗಿದ್ದರೆ ಪಾದ ಮುಟ್ಟಿ ನೋಡಿ, ತಣ್ಣಗಿದ್ದರೆ ಎತ್ತಿಕೊಂಡು ಮತ್ತೆ ಅದರ ಬೆಚ್ಚಗಿನ ಪೆಟ್ಟಿಗೆಗೆ ಬಿಡಿ.